ಅಂಬಾಸಡರ್ ಇಂಜಿನ್ ಆಯಿಲ್ ಸೋರಿಕೆ: ಹುಬ್ಬಳ್ಳಿ ಮಾರ್ಕೆಟ್‌ನಲ್ಲಿ ಸಿಗುವ ಪ್ಯಾಕಿಂಗ್, ಸಿಲಿಕಾನ್, ಲಾಕ್‌ಟೈಟ್ ಹೆಂಗದಾವ?

ಈ ವಿಮರ್ಶೆ ಐದು ಸಾಮಾನುಗಳದ್ದು: ಎರಡು ಲೋಹದ ಜೋಡಿನ ನಡುವೆ ಕೂರುವ ಕಾರ್ಕ್ ಪ್ಯಾಕಿಂಗ್ (ಗ್ಯಾಸ್ಕೆಟ್) ಸೆಟ್, ಟ್ಯೂಬ್‌ನಲ್ಲಿ ಬರುವ ಆರ್‌ಟಿವಿ ಸಿಲಿಕಾನ್ ಅಂದರೆ ಜೋಡಿಗೆ ಹಚ್ಚುವ ಪೇಸ್ಟು, ಬೋಲ್ಟು ಸಡಿಲಾಗದಂತೆ ಥ್ರೆಡ್ಡಿಗೆ ಹಚ್ಚುವ ನೀಲಿ ಬಣ್ಣದ ಲಾಕ್‌ಟೈಟ್ 243, ಬೋಲ್ಟನ್ನು ಅಳತೆ ಹಿಡಿದು ಬಿಗಿಯುವ, ಕಾಲು ಇಂಚಿನ ಡ್ರೈವ್ (ಸಾಕೆಟ್ ಕೂರುವ ಚೌಕ ಮೂತಿ) ಇರುವ ಸಣ್ಣ ಟಾರ್ಕ್ ರೆಂಚ್, ಆಮೇಲೆ ಆಯಿಲ್ ಜೊತೆ ಸುರಿಯುವ ‘ಸ್ಟಾಪ್ ಲೀಕ್’ ಬಾಟಲಿ. ಎಲ್ಲವನ್ನೂ ತೂಗಿರುವುದು ಒಂದೇ ಇಂಜಿನ್ನಿನ ಲೆಕ್ಕಕ್ಕೆ. ಅಂಬಾಸಡರ್‌ನಲ್ಲಿ ದಶಕಗಟ್ಟಲೆ ಬಂದ ಬಿಎಂಸಿ ಬಿ-ಸೀರೀಸ್ 1489 ಸಿಸಿ ಪೆಟ್ರೋಲ್ ಇಂಜಿನ್ ಅದು. ತೊಂಬತ್ತರ ದಶಕದಲ್ಲಿ ಬಂದ 1817 ಸಿಸಿ ಇಸುಜು ಇಂಜಿನ್ನಿನ ಗಾಡಿ ಇದ್ದವರು ಇಲ್ಲಿಯ ಅಳತೆಗಳನ್ನು ಹಿಡಿದು ಕೆಲಸ ಮಾಡಬೇಡಿ. ಅದರ ಬೋಲ್ಟುಗಳು ಮೆಟ್ರಿಕ್, ಸೀಲುಗಳೂ ಬೇರೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ದುಡ್ಡು ಹಾಕಬೇಕಾದದ್ದು ಮೊದಲು ಸಣ್ಣ ಟಾರ್ಕ್ ರೆಂಚಿಗೆ, ಆಮೇಲೆ ಒಳ್ಳೆ ಕಾರ್ಕಿಗೆ. ಲಾಕ್‌ಟೈಟ್ ಒಂದು ಬಾಟಲಿ ಇರಲಿ. ಸಿಲಿಕಾನ್ ಟ್ಯೂಬ್ ಬೇಕು, ಆದರೆ ಬೇಕಾಗುವುದು ಕಡಲೆಕಾಳಿನಷ್ಟು. ಸ್ಟಾಪ್ ಲೀಕ್ ಬ್ಯಾಡ. ಈ ಇಂಜಿನ್ನಿನಲ್ಲಿ ಬೋಲ್ಟು ಸಡಿಲಾಗಿ ಸೋರುವುದಕ್ಕಿಂತ, ಸೋರುತ್ತದೆ ಅಂತ ಬೋಲ್ಟನ್ನು ಮತ್ತೆ ಮತ್ತೆ ಬಿಗಿದು, ತಗಡು ಬಾಗಿ ಸೋರುವುದೇ ಜಾಸ್ತಿ. ಆ ಬಾಗಿದ ತಗಡಿನ ಮೇಲೆ ಎಷ್ಟು ಟ್ಯೂಬ್ ಹಿಂಡಿದರೂ ಆರು ತಿಂಗಳಲ್ಲಿ ಗಾಡಿ ಮತ್ತೆ ಅದೇ ಜಾಗದಲ್ಲಿ ನಿಂತಿರುತ್ತದೆ, ಕೆಳಗೆ ಅದೇ ಕಲೆ.

ಸಾಮಾನು ಕೊಳ್ಳುವ ಮುಂಚೆ ಎರಡು ಕೆಲಸ

ಒಂದು, ಸೋರುವ ಜಾಗ ಗೊತ್ತಾಗಬೇಕು. ಗದಗ ರಸ್ತೆಯ ಎರೆಮಣ್ಣಿನ ಧೂಳಿರಲಿ, ಧಾರವಾಡ ಕಡೆಯ ಕೆಂಪು ಧೂಳಿರಲಿ, ಎಣ್ಣೆಗೆ ಅಂಟಿ ಬ್ಲಾಕಿನ ಮೇಲೆ ಬೆರಳು ದಪ್ಪದ ಜಿಡ್ಡಾಗಿ ಕೂತಿರುತ್ತದೆ. ಅದನ್ನು ಬಿಟ್ಟು ಟಾರ್ಚ್ ಹಾಕಿ ನೋಡಿದರೆ ಇಡೀ ಇಂಜಿನ್ನೇ ಸೋರುವಂತೆ ಕಾಣುತ್ತದೆ. ಡಿಸ್ಟ್ರಿಬ್ಯೂಟರ್, ಕಾರ್ಬೊರೇಟರ್ ಬಾಯಿ, ಡೈನಮೋ ಇವಕ್ಕೆ ಪ್ಲಾಸ್ಟಿಕ್ ಕಟ್ಟಿ, ಡೀಸೆಲ್ ಮತ್ತು ಗಟ್ಟಿ ಬ್ರಷ್ಷಿನಿಂದ ಜಿಡ್ಡು ತೆಗೆಯಿರಿ. ಡೀಸೆಲ್ ಪೂರ್ತಿ ಒರೆಸಿ ಒಣಗಿಸಿದ ಮೇಲೆ ಸಂಶಯ ಇರುವ ಜೋಡುಗಳ ಸುತ್ತ ಮೈಗೆ ಹಚ್ಚುವ ಟಾಲ್ಕಮ್ ಪೌಡರ್ ತೆಳ್ಳಗೆ ಉದುರಿಸಿ. ಪಿ.ಬಿ. ರೋಡಿನಲ್ಲಿ ಧಾರವಾಡಕ್ಕೆ ಹೋಗಿ ಬಂದರೆ ನಲವತ್ತು ಕಿಲೋಮೀಟರ್ ಆಗುತ್ತದೆ. ಇಂಜಿನ್ ಸರಿಯಾಗಿ ಕಾಯಲು ಅಷ್ಟು ಸಾಕು. ಬಂದ ಕೂಡಲೇ ಬಾನೆಟ್ ಎತ್ತಿ, ಬಿಳಿ ಪುಡಿ ಎಲ್ಲಿ ಕಪ್ಪಾಗಿದೆ ನೋಡಿ. ಎಣ್ಣೆ ಕೆಳಗಿಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಕೆಳಗೆ ಚೇಂಬರ್ (ಇಂಜಿನ್ನಿನ ತಳದ ಎಣ್ಣೆ ತೊಟ್ಟಿ) ಒದ್ದೆ ಇದೆ ಅಂತ ಚೇಂಬರ್ ಬಿಚ್ಚಿಸುವವರು ಬಹಳ. ಮೇಲಿನ ಕವರಿನಿಂದ ಇಳಿದ ಎಣ್ಣೆಗೆ ಚೇಂಬರ್ ಪ್ಯಾಕಿಂಗ್ ಏನು ಮಾಡೀತು?

ಎರಡು, ಬ್ರೀದರ್. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಗ್ಯಾಸು ಹೊರಗೆ ಹೋಗಲು ಈ ಇಂಜಿನ್ನಿನಲ್ಲಿ ದಾರಿ ಇರುವುದು ಮೇಲಿನ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಪೈಪು ಮತ್ತು ಸೈಡ್ ಕವರಿಗೆ ಬೆಸೆದ ಬ್ರೀದರ್ ಪೈಪು. ಇವು ಜಿಡ್ಡು ಕಟ್ಟಿ ಮುಚ್ಚಿದರೆ ಗ್ಯಾಸು ಒಳಗೇ ಒತ್ತಡ ಕಟ್ಟಿ, ಎಲ್ಲ ಜೋಡುಗಳಿಂದಲೂ ಎಣ್ಣೆಯನ್ನು ಹೊರಗೆ ದಬ್ಬುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಹತ್ತಿ ಬಂದ ಮೇಲೆ ಮಾತ್ರ ಸೋರುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಇಂಜಿನ್ ಕಾದು ಐಡ್ಲಿಂಗಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಇಡಿ. ಹಾಳೆ ಅಲ್ಲೇ ಕೂತರೆ ಅಥವಾ ಸ್ವಲ್ಪ ಒಳಕ್ಕೆ ಎಳೆದುಕೊಂಡರೆ ಸರಿ. ಪಫ್ ಪಫ್ ಅಂತ ಹಾರಿದರೆ ಪೈಪು, ಮುಚ್ಚಳದ ಜಾಲರಿ ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು ಮತ್ತೊಮ್ಮೆ ನೋಡಿ. ಆಮೇಲೂ ಹಾರುತ್ತಿದ್ದರೆ ರಿಂಗು ಸವೆದಿರಬೇಕು, ಕಂಪ್ರೆಷನ್ ಚೆಕ್ ಮಾಡಿಸಬೇಕು. ಅಂಥ ಇಂಜಿನ್ನಿಗೆ ಈ ವಿಮರ್ಶೆಯ ಯಾವ ಸಾಮಾನೂ ಉಪಯೋಗಕ್ಕೆ ಬರುವುದಿಲ್ಲ.

ಕಾರ್ಕ್ ಪ್ಯಾಕಿಂಗ್ ಸೆಟ್

ನೀಲಿಗಿನ್ ರೋಡ್ ಕಡೆಯ ಹಳೆ ಸ್ಪೇರ್ಸ್ ಅಂಗಡಿಗಳಲ್ಲಿ ಕೇಳಿದರೆ ಅಂಬಾಸಡರ್ ಪ್ಯಾಕಿಂಗ್ ಇನ್ನೂ ಸಿಗುತ್ತದೆ. ಗಾಡಿಯ ತಯಾರಿಕೆ 2014ರಲ್ಲಿ ಉತ್ತರಪಾರಾದಲ್ಲಿ ನಿಂತರೂ ಸಾಮಾನು ನಿಂತಿಲ್ಲ. ಆದರೆ ಕೌಂಟರಿನಲ್ಲಿ ಬಾಯಿಬಿಟ್ಟು ಸರಿಯಾಗಿ ಹೇಳಬೇಕು. ‘ಟ್ಯಾಪೆಟ್ ಕವರ್ ಪ್ಯಾಕಿಂಗ್ ಕೊಡ್ರಿ’ ಅಂದರೆ ಮೇಲಿನ ಕವರಿನದ್ದು ಕೊಡುತ್ತಾರೆ. ಮ್ಯಾನಿಫೋಲ್ಡಿನ ಹಿಂದೆ, ಬ್ಲಾಕಿನ ಎಡಗಡೆ ಇರುವ ಎರಡು ತಗಡಿನ ಕವರುಗಳದ್ದು ಬೇಕಿದ್ದರೆ ‘ಪೆಟ್ರೋಲ್ ಇಂಜಿನ್ನಿನ ಸೈಡ್ ಕವರ್ ಪ್ಯಾಕಿಂಗ್ರೀ, ಎರಡು’ ಅನ್ನಿ. 1489 ಸಿಸಿಯ ಡೀಸೆಲ್ ಇಂಜಿನ್ನೂ ಇದೇ ಗಾಡಿಯಲ್ಲಿ ಬಂದಿದೆ. ಸಿಸಿ ಮಾತ್ರ ಹೇಳಿದರೆ ಯಾವುದನ್ನೋ ಕೊಟ್ಟುಬಿಡುತ್ತಾರೆ.

ಕಾರ್ಕನ್ನು ಕೊಳ್ಳುವಾಗ ಬೆರಳಿಗೆ ಅರ್ಧ ಸುತ್ತು ಬಳಸಿ ನೋಡಿ. ಒಳ್ಳೆಯದು ಬಾಗುತ್ತದೆ, ಬಿಟ್ಟರೆ ನಿಧಾನಕ್ಕೆ ನೆಟ್ಟಗಾಗುತ್ತದೆ. ವರ್ಷಗಟ್ಟಲೆ ಮೊಳೆಗೆ ತೂಗುಬಿಟ್ಟ ಕಾರ್ಕು ಒಣಗಿ ಕುಗ್ಗಿರುತ್ತದೆ, ಬಾಗಿಸಿದರೆ ಅಂಚಿನಲ್ಲಿ ಸೀಳುತ್ತದೆ. ಅದನ್ನು ಮನೆಗೆ ತಂದು ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಅಳತೆಗೆ ಬರುತ್ತದೆ ನಿಜ, ಆದರೆ ಸೀಳಿದ್ದು ಕೂಡುವುದಿಲ್ಲ. ಕಾರ್ಕಿನ ಜೊತೆ ರಬ್ಬರ್ ಸೇರಿಸಿ ಮಾಡಿದ, ಸ್ವಲ್ಪ ಕಪ್ಪಗೆ ಕಾಣುವ ಪ್ಯಾಕಿಂಗ್ ಸಿಕ್ಕರೆ ನಾಲ್ಕು ದುಡ್ಡು ಜಾಸ್ತಿ ಆದರೂ ಅದನ್ನೇ ತಗೊಳ್ಳಿ, ಅದು ಇಷ್ಟು ಬೇಗ ಒಣಗುವುದಿಲ್ಲ. ಪೂರ್ತಿ ಇಂಜಿನ್ ಸೆಟ್ ಕೊಳ್ಳುವ ಅಗತ್ಯ ಇಲ್ಲ. ಹೆಡ್ ತೆಗೆಯದೆ ಹೆಡ್ ಪ್ಯಾಕಿಂಗಿಗೆ ಯಾಕೆ ದುಡ್ಡು ಕೊಡಬೇಕು? ಬಿಡಿಬಿಡಿಯಾಗಿ ಕೇಳಿದರೆ ಕೊಡುತ್ತಾರೆ.

ಈಗ ಕೂರಿಸುವುದು. ಮೇಲಿನ ಕವರು ಎರಡೇ ನಟ್ಟಿನ ಮೇಲೆ ನಿಂತಿದೆ. ಆ ಎರಡು ನಟ್ಟುಗಳ ಬಿಗಿತ 4 ಪೌಂಡ್ ಅಡಿ, ಅಂದರೆ ಸುಮಾರು 5.5 ನ್ಯೂಟನ್ ಮೀಟರ್. ಪಾನಾದ ಬಾಲ ಹಿಡಿದು ಎಳೆದರೆ ಇದರ ನಾಲ್ಕು ಪಟ್ಟು ಆಗಿಬಿಡುತ್ತದೆ. ಆಗ ಕವರಿನ ನಡುವಿನ ಭಾಗ ಕೆಳಕ್ಕೆ ತಗ್ಗಿ, ನಾಲ್ಕು ಮೂಲೆಗಳು ಮೇಲಕ್ಕೇಳುತ್ತವೆ. ಸೋರುವುದು ಯಾವಾಗಲೂ ಹಿಂದಿನ ಮೂಲೆಯಿಂದ, ಯಾಕೆಂದರೆ ಇಂಜಿನ್ ಹಿಂದಕ್ಕೆ ಸ್ವಲ್ಪ ವಾಲಿ ಕೂತಿದೆ, ಎಣ್ಣೆ ಅಲ್ಲಿ ನಿಲ್ಲುತ್ತದೆ. ಕವರು ಬಿಚ್ಚಿದ ಮೇಲೆ ದಪ್ಪ ಗಾಜಿನ ಮೇಲೆ ಬೋರಲಾಗಿ ಇಟ್ಟು, ಸುತ್ತ 0.5 ಮಿಲಿಮೀಟರ್ ಫೀಲರ್ ಗೇಜ್ (ಸಂದು ಅಳೆಯುವ ತೆಳ್ಳನೆ ಪಟ್ಟಿ) ತೂರಿಸಿ ನೋಡಿ. ಅದು ಎಲ್ಲಿ ಹೋಗುತ್ತದೋ ಅಲ್ಲಿ ಅಂಚು ಎದ್ದಿದೆ. ಕಟ್ಟಿಗೆಯ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಬಹುದು. ಈ ಕೆಲಸಕ್ಕೆ ಹದಿನೈದು ನಿಮಿಷ ಬೇಕು. ಇದನ್ನು ಬಿಟ್ಟು ಹಾಕಿದ ಹೊಸ ಪ್ಯಾಕಿಂಗಿನ ಬಗ್ಗೆ ದೂರು ಹೇಳುವುದರಲ್ಲಿ ಅರ್ಥ ಇಲ್ಲ.

ಕವರಿನ ಕಡೆಗೆ ಮಾತ್ರ ರಬ್ಬರ್ ಅಂಟು, ಅಂದರೆ ಚಪ್ಪಲಿ ರಿಪೇರಿಯವರು ಹಚ್ಚುವಂಥದ್ದು, ತೆಳ್ಳಗೆ ಹಚ್ಚಿ ಹತ್ತು ಹದಿನೈದು ನಿಮಿಷ ಒಣಗಲು ಬಿಟ್ಟು ಕಾರ್ಕನ್ನು ಕೂರಿಸಿ. ಹೆಡ್ ಕಡೆಗೆ ಅಂಟು ಬ್ಯಾಡ, ಒಂದು ಚೂರು ಗ್ರೀಸ್ ಸವರಿ. ಹಿಂಗೆ ಮಾಡಿದರೆ ಟ್ಯಾಪೆಟ್ ಸೆಟ್ ಮಾಡಲು (ವಾಲ್ವಿನ ಸಂದು ಸರಿಪಡಿಸಲು) ಕವರು ಎತ್ತಿದಾಗ ಪ್ಯಾಕಿಂಗ್ ಹರಿಯದೆ ಕವರಿನ ಜೊತೆಗೇ ಮೇಲೆ ಬರುತ್ತದೆ, ಅದನ್ನೇ ಮತ್ತೆ ಹಾಕಬಹುದು. ಎರಡು ನಟ್ಟಿನ ಕೆಳಗಿನ ಕಪ್ ವಾಷರ್ ಮತ್ತು ರಬ್ಬರ್ ಬುಶ್ ಕೂಡ ಹೊಸದಿರಲಿ. ರಬ್ಬರ್ ಗಟ್ಟಿಯಾಗಿದ್ದರೆ ಎಣ್ಣೆ ಸ್ಟಡ್ಡಿನ ಗುಂಟ ಮೇಲೆ ಬಂದು ಕವರಿನ ನೆತ್ತಿಯ ಮೇಲೆ ಹರಡುತ್ತದೆ. ಅದನ್ನು ಎಣ್ಣೆ ಹಾಕುವಾಗ ಚೆಲ್ಲಿದ್ದು ಅಂತ ತಿಳಿದು ಸುಮ್ಮನಾಗುವವರೇ ಹೆಚ್ಚು.

ಸೈಡ್ ಕವರುಗಳು ಇನ್ನೂ ನಾಜೂಕು. ಒಂದೊಂದಕ್ಕೂ ನಡುವೆ ಒಂದೇ ಬೋಲ್ಟು, ಬಿಗಿತ ಬರೀ 2 ಪೌಂಡ್ ಅಡಿ, ಅಂದರೆ 2.7 ನ್ಯೂಟನ್ ಮೀಟರ್. ಮಾರ್ಕೆಟ್ಟಿನ ಸಣ್ಣ ಟಾರ್ಕ್ ರೆಂಚ್ ಕೂಡ 5ರಿಂದ ಶುರುವಾಗುತ್ತದೆ, ಹಾಗಾಗಿ ಇಲ್ಲಿ ಕೈಯೇ ಗತಿ. ಬೋಲ್ಟನ್ನು ಬೆರಳಿನಿಂದ ಪೂರ್ತಿ ತಿರುಗಿಸಿ, ಆಮೇಲೆ ಸಣ್ಣ ಪಾನಾದಿಂದ ಕಾರ್ಕಿನ ದಪ್ಪ ಕಾಲು ಭಾಗ ತಗ್ಗುವಷ್ಟು ಮಾತ್ರ ಬಿಗಿಯಿರಿ. ಬೋಲ್ಟಿನ ತಲೆಯ ಕೆಳಗಿನ ಸೀಲಿಂಗ್ ವಾಷರ್ ಬದಲಿಸಿ. ಈ ಕವರುಗಳನ್ನು ಮುಟ್ಟಬೇಕಾದರೆ ಕಾರ್ಬೊರೇಟರ್, ಮ್ಯಾನಿಫೋಲ್ಡ್ ಎರಡೂ ಇಳಿಸಬೇಕು, ಅದಕ್ಕೇ ಯಾರೂ ಮುಟ್ಟುವುದಿಲ್ಲ. ಹಿಂದಿನ ಸೈಡ್ ಕವರಿನಿಂದ ಸೋರಿದ ಎಣ್ಣೆ ಬ್ಲಾಕಿನ ಗುಂಟ ಇಳಿದು, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಬುಡದಲ್ಲಿ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡಿದ ಮೆಕ್ಯಾನಿಕ್ ‘ಹಿಂದಿನ ಸೀಲ್ ಹೋಗೇತ್ರೀ, ಇಂಜಿನ್ ಇಳಿಸಬೇಕು’ ಅನ್ನುತ್ತಾನೆ. ಇಂಜಿನ್ ಇಳಿಸಲು ಒಪ್ಪುವ ಮುಂಚೆ ಸೈಡ್ ಕವರಿನ ಕೆಳ ಅಂಚನ್ನು ಒರೆಸಿ, ಪೌಡರ್ ಹಾಕಿ ನೋಡಲೇಬೇಕು. ಒಂದು ಕಾರ್ಕಿನ ಬೆಲೆ ಎಲ್ಲಿ, ಇಂಜಿನ್ ಇಳಿಸಿ ಏರಿಸುವ ಕೂಲಿ ಎಲ್ಲಿ!

ಚೇಂಬರ್ ಪ್ಯಾಕಿಂಗಿನಲ್ಲಿ ಎರಡು ಉದ್ದದ ಪಟ್ಟಿ, ಮುಂದೆ ಹಿಂದೆ ಬೇರಿಂಗ್ ಕ್ಯಾಪಿನ ಕಾಲುವೆಗೆ ಕೂರುವ ಎರಡು ಕಾರ್ಕ್ ತುಂಡು ಇರುತ್ತವೆ. ಸೆಟ್ಟಿನಲ್ಲಿ ಆ ತುಂಡುಗಳು ಇವೆಯೋ ಇಲ್ಲವೋ ಅಂಗಡಿಯಲ್ಲೇ ನೋಡಿಕೊಳ್ಳಿ. ಅವು ಆ ಕಾಲುವೆಯ ಅಂಚಿಗಿಂತ ಒಂದೂವರೆ ಮಿಲಿಮೀಟರ್ ಮೇಲೆ ನಿಂತಿರಬೇಕು. ಅಷ್ಟಿದ್ದರೇ ಚೇಂಬರ್ ಕೂತಾಗ ಒತ್ತಿಕೊಳ್ಳುತ್ತವೆ. ಪಟ್ಟಿ ಮತ್ತು ತುಂಡು ಸೇರುವ ನಾಲ್ಕು ಮೂಲೆಗಳೇ ಸೋರುವ ಜಾಗ. ಸಿಲಿಕಾನ್ ಟ್ಯೂಬಿಗೆ ಈ ಇಂಜಿನ್ನಿನಲ್ಲಿ ನ್ಯಾಯವಾದ ಕೆಲಸ ಇರುವುದು ಅಲ್ಲಿಯೇ, ಮೂಲೆಗೊಂದು ಕಡಲೆಕಾಳಿನಷ್ಟು. ಚೇಂಬರಿನ ತಗಡಿನಲ್ಲಿ ಬೋಲ್ಟಿನ ತೂತುಗಳ ಸುತ್ತ ಹಿಂದೆ ಬಿಗಿದವರ ಕೈಚಳಕದಿಂದ ಗುಬುಟು ಎದ್ದಿರುತ್ತದೆ. ಒಳಗಿನಿಂದ ಕಬ್ಬಿಣದ ತುಂಡನ್ನು ಆಧಾರ ಕೊಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಒಂದೊಂದೇ ಗುಬುಟನ್ನು ತಟ್ಟಿ ಸಮ ಮಾಡಿ. ಆಮೇಲೆ ಎಲ್ಲ ಬೋಲ್ಟು ಕೈಯಿಂದ ಹಾಕಿ, ನಡುವಿನಿಂದ ತುದಿಗೆ ಎರಡು ಸುತ್ತಿನಲ್ಲಿ 8 ನ್ಯೂಟನ್ ಮೀಟರಿಗೆ ತನ್ನಿ. ಗಾಡಿಯನ್ನು ಜಾಕ್ ಒಂದರ ಮೇಲೆ ನಂಬಿ ಕೆಳಗೆ ಮಲಗಬೇಡಿ, ಎರಡು ಸ್ಟ್ಯಾಂಡ್ ಇಡಿ.

ಆರ್‌ಟಿವಿ ಸಿಲಿಕಾನ್

ಅನಾಬಾಂಡ್ ಮೊದಲಾದ ಕಂಪನಿಗಳ ಟ್ಯೂಬ್ ಎಲ್ಲ ಕಡೆ ಸಿಗುತ್ತದೆ, ಸಾಮಾನು ಕೆಟ್ಟದ್ದೇನಲ್ಲ. ಕೆಟ್ಟದ್ದು ಅದನ್ನು ಹಚ್ಚುವ ರೀತಿ. ಕಾರ್ಕಿನ ಎರಡೂ ಮೈಗೆ ಸಿಲಿಕಾನ್ ಮೆತ್ತಿ ಬಿಗಿಯುವುದು ನಮ್ಮ ಕಡೆ ರೂಢಿ. ಹಸಿ ಸಿಲಿಕಾನ್ ಜಾರುತ್ತದೆ. ಬೋಲ್ಟು ಬಿಗಿದ ಹಾಗೆ ಕಾರ್ಕು ಎರಡು ಲೋಹದ ನಡುವಿನಿಂದ ಪಕ್ಕಕ್ಕೆ ಜಾರಿ ಹೊರಗೆ ಬರುತ್ತದೆ. ಕಾರ್ಕಿನ ಅಂಚು ಕವರಿನ ಹೊರಗೆ ಬೆನ್ನು ಬಾಗಿಸಿ ನಿಂತದ್ದು ಕಂಡರೆ, ಒಳಗೆ ಅಷ್ಟು ಜಾಗ ಖಾಲಿ ಬಿದ್ದಿದೆ ಅಂತಲೇ ಲೆಕ್ಕ.

ಎರಡನೆಯ ತಾಪತ್ರಯ ಒಳಗಡೆಯದು. ಹೊರಗೆ ಹಿಂಡಿ ಬಂದಷ್ಟೇ ಸಿಲಿಕಾನ್ ಒಳಗೂ ಹಿಂಡಿರುತ್ತದೆ. ಅದು ಒಣಗಿ, ಕಿತ್ತು, ಎಣ್ಣೆಯಲ್ಲಿ ತೇಲಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಅಂಟುತ್ತದೆ. ಚೇಂಬರ್ ಬಿಚ್ಚಿದಾಗ ಜಾಲರಿಯ ಮೇಲೆ ಶ್ಯಾವಿಗೆಯಂಥ ಎಳೆಗಳು ಕಂಡರೆ ಅವು ಇವೇ. ಸೋರಿಕೆಯಿಂದ ಇಂಜಿನ್ ಸಾಯುವುದಿಲ್ಲ, ಡಿಪ್‌ಸ್ಟಿಕ್ ನೋಡಿ ಎಣ್ಣೆ ಹಾಕುತ್ತಿದ್ದರೆ ಆಯಿತು. ಜಾಲರಿ ಕಟ್ಟಿದರೆ ಬೇರಿಂಗ್ ಹೋಗುತ್ತದೆ.

ಪೇಪರ್ ಪ್ಯಾಕಿಂಗ್ ಇರುವ ಕಡೆ, ಅಂದರೆ ಟೈಮಿಂಗ್ ಕವರ್ (ಇಂಜಿನ್ನಿನ ಮುಂದೆ ಟೈಮಿಂಗ್ ಚೈನನ್ನು ಮುಚ್ಚುವ ತಗಡು), ವಾಟರ್ ಪಂಪ್ ಮುಂತಾದವುಗಳಲ್ಲಿ ಸಿಲಿಕಾನ್‌ನ ತೆಳ್ಳನೆ ಲೇಪ ನಡೆಯುತ್ತದೆ. ಲೇಪ ಅಂದರೆ ಬೆರಳಿನಿಂದ ಒರೆಸಿಬಿಟ್ಟ ಮೇಲೆ ಉಳಿಯುವಷ್ಟು. ಅಲ್ಲಿ ಹಳೆ ಮಂದಿ ಹಚ್ಚುತ್ತಿದ್ದ ಶೆಲ್ಲಾಕ್ ಕೂಡ ಇವತ್ತಿಗೂ ಕೆಲಸ ಮಾಡುತ್ತದೆ. ಬಿಚ್ಚುವಾಗ ಕೆರೆಯುವುದು ಮಾತ್ರ ತ್ರಾಸು, ಸ್ಪಿರಿಟ್ಟಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಪೆಟ್ರೋಲ್ ತಾಗುವ ಜಾಗಕ್ಕೆ, ಅಂದರೆ ಕಾರ್ಬೊರೇಟರಿಗೆ, ಪೆಟ್ರೋಲ್ ಪಂಪಿನ ಡಯಾಫ್ರಮ್ ಕಡೆಗೆ ಸಿಲಿಕಾನ್ ಹಚ್ಚಲೇಬೇಡಿ. ಉಬ್ಬಿ ಕಿತ್ತು ಬಂದು ಜೆಟ್ಟಿಗೆ ಹೋಗಿ ಕೂರುತ್ತದೆ.

ಇದು ಗಾಳಿಯ ತೇವಾಂಶದಿಂದ ಗಟ್ಟಿಯಾಗುವ ವಸ್ತು. ಹುಬ್ಬಳ್ಳಿಯ ಮಳೆಗಾಲದಲ್ಲಿ ಬೇಗ, ಮಾರ್ಚ್ ಏಪ್ರಿಲ್‌ನ ಒಣ ಬಿಸಿಲಿನಲ್ಲಿ ತಡ. ಹತ್ತು ನಿಮಿಷಕ್ಕೆ ಮೇಲೆ ಪೊರೆ ಕಟ್ಟುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕೇ ಬೇಕು. ಪೊರೆ ಕಟ್ಟುವ ಮುಂಚೆ ಜೋಡಿಸಿ, ಆಮೇಲೆ ಎಣ್ಣೆ ಹಾಕಲು ಮರುದಿನದವರೆಗೆ ತಾಳಿ. ‘ಹಚ್ಚಿ ಒಂದು ತಾಸಿಗೆ ಗಾಡಿ ಒಯ್ಯಿರಿ’ ಅನ್ನುವ ಗ್ಯಾರೇಜಿನಲ್ಲಿ ಈ ಕೆಲಸ ಬ್ಯಾಡ.

ಲಾಕ್‌ಟೈಟ್ 243

ಸಡಿಲಾಗುವ ಬೋಲ್ಟಿಗೆ ಇದು ನಿಜವಾದ ಮದ್ದು, ಆದರೆ ಎಲ್ಲ ಬೋಲ್ಟಿಗೂ ಅಲ್ಲ. ಬೋಲ್ಟು ತಾನಾಗಿಯೇ ಬಿಚ್ಚಿಕೊಳ್ಳುವುದಕ್ಕೆ ಕಾರಣಗಳು ಎರಡು ಮೂರು ಇವೆ. ಪ್ಯಾಕಿಂಗ್ ಒತ್ತಿ ತೆಳ್ಳಗಾಗಿ ಬೋಲ್ಟಿನ ಎಳೆತ ಕಡಿಮೆಯಾಗುವುದು, ವಾಷರಿನ ಕೆಳಗೆ ಬಣ್ಣವೋ ಜಿಡ್ಡೋ ಸಿಕ್ಕಿ ಆಮೇಲೆ ಅದು ಅಮರಿ ಸಂದು ಬೀಳುವುದು, ಅದುರುವಾಗ ಎರಡು ಭಾಗಗಳು ಅಡ್ಡಡ್ಡ ಸರಿದಾಡುವುದು. ಮೊದಲ ಎರಡಕ್ಕೆ ಲಾಕ್‌ಟೈಟ್ ಹಚ್ಚಿ ಉಪಯೋಗ ಇಲ್ಲ. ಕಾರ್ಕಿನ ಬೋಲ್ಟು ಸಡಿಲಾದರೆ ಬೋಲ್ಟಿನ ತಪ್ಪಲ್ಲ. ಮೂರನೆಯದಕ್ಕೆ ಇದು ಸರಿ: ಡೈನಮೋ ಬ್ರಾಕೆಟ್, ಇಂಜಿನ್ ಮೌಂಟಿಂಗಿನ ಬೋಲ್ಟು, ಟೈಮಿಂಗ್ ಕವರಿನ ದೊಡ್ಡ ಬೋಲ್ಟು. ಚಪ್ಪಟೆಯಾಗಿ ಹಲ್ಲು ಸವೆದ ಸ್ಪ್ರಿಂಗ್ ವಾಷರನ್ನೇ ಮತ್ತೆ ಹಾಕಿ ಅದರ ಮೇಲೆ ಭರವಸೆ ಇಡುವುದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಬಾಟಲಿ ಅರ್ಧ ಖಾಲಿ ಇದ್ದಂತೆ ಕಾಣುತ್ತದೆ, ಅದು ಮೋಸ ಅಲ್ಲ. ಗಾಳಿ ಸಿಗದ ಕಡೆ ಲೋಹ ತಾಗಿದಾಗ ಗಟ್ಟಿಯಾಗುವ ದ್ರವ ಇದು. ಒಳಗೆ ಗಾಳಿ ಬಿಡದಿದ್ದರೆ ಬಾಟಲಿಯಲ್ಲೇ ಹೆಪ್ಪುಗಟ್ಟಿಬಿಡುತ್ತದೆ. 243 ಅನ್ನುವ ನಂಬರನ್ನೇ ಕೇಳಿ. ಸ್ವಲ್ಪ ಎಣ್ಣೆ ಪಸೆ ಇದ್ದರೂ ಹಿಡಿಯುವುದು ಇದರ ಗುಣ, ಹಳೆ ಇಂಜಿನ್ನಿಗೆ ಅದೇ ಬೇಕಾದದ್ದು. ಹಾಗಂತ ಜಿಡ್ಡಿನ ಥ್ರೆಡ್ಡಿಗೇ ಸುರಿಯಬೇಡಿ, ಪೆಟ್ರೋಲಿನಲ್ಲಿ ಬ್ರಷ್ ಮಾಡಿ ಒಣಗಿಸಿ. ನಟ್ಟು ಕೂರುವ ಜಾಗಕ್ಕೆ ಒಂದೆರಡು ಹನಿ ಸಾಕು. ತೂತು ಇನ್ನೊಂದು ಕಡೆ ತೆರೆಯದೆ ಬ್ಲಾಕಿನಲ್ಲೇ ಮುಗಿದರೆ ಹನಿಯನ್ನು ಬೋಲ್ಟಿಗಲ್ಲ, ತೂತಿನ ತಳಕ್ಕೆ ಬಿಡಿ. ಇಲ್ಲದಿದ್ದರೆ ಒಳಗಿನ ಗಾಳಿ ದ್ರವವನ್ನು ಹೊರಗೆ ತಳ್ಳುತ್ತದೆ. ಗಟ್ಟಿಯಾಗಲು ಇಪ್ಪತ್ನಾಲ್ಕು ತಾಸು. ಮಿರಿಮಿರಿ ಮಿಂಚುವ ಸ್ಟೇನ್‌ಲೆಸ್ ಬೋಲ್ಟು ಹಾಕಿದವರಿಗೆ ಇನ್ನೂ ತಡ, ಆ ಲೋಹಕ್ಕೆ ಇದು ನಿಧಾನಕ್ಕೆ ಹಿಡಿಯುತ್ತದೆ.

ಇದು ತಾಳುವುದು 180 ಡಿಗ್ರಿವರೆಗೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟಿಗೆ ಹಚ್ಚಿದರೆ ಸುಟ್ಟು ಹೋಗುತ್ತದೆ. ಅಲ್ಲಿ ಹಿತ್ತಾಳೆ ನಟ್ಟು ಹಾಕಿ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡರ ಅಂಚನ್ನೂ ಒಂದೇ ದಪ್ಪ ವಾಷರ್ ಹಿಡಿಯುವ ಕಡೆ, ಎರಡು ಅಂಚುಗಳ ದಪ್ಪ ಸಮ ಇದೆಯೇ ನೋಡಿ. ಒಂದು ತೆಳ್ಳಗಿದ್ದರೆ ವಾಷರ್ ವಾರೆಯಾಗಿ ಕೂತು, ಎಷ್ಟು ಬಿಗಿದರೂ ಆ ಕಡೆ ಸಡಿಲೇ. ಹೆಡ್ಡಿನ ನಟ್ಟಿಗೂ ಲಾಕ್‌ಟೈಟ್ ಬ್ಯಾಡ. ಅವನ್ನು ದೊಡ್ಡ ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲೇ ಬಿಗಿಯಬೇಕು. ಫ್ಲೈವೀಲಿನ ಬೋಲ್ಟಿಗೆ ಮಡಚುವ ಲಾಕ್ ತಗಡು ಇದ್ದರೆ ಹೊಸ ತಗಡೇ ಹಾಕಿ.

ಕೆಂಪು ಜಾತಿಯ ಲಾಕ್‌ಟೈಟ್ ‘ಇನ್ನೂ ಗಟ್ಟಿ’ ಅಂತ ಕೊಟ್ಟರೆ ವಾಪಸ್ ಕೊಡಿ. ಅದನ್ನು ಬಿಚ್ಚಬೇಕಾದರೆ ಗ್ಯಾಸ್ ಬತ್ತಿಯಿಂದ ಕಾಸಬೇಕು, ಸಣ್ಣ ಬೋಲ್ಟು ಮುರಿದೇ ಹೋಗುತ್ತದೆ. ಬಾಟಲಿಯನ್ನು ಗಾಡಿಯಲ್ಲಿ ಇಡಬೇಡಿ. ಬೇಸಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಒಳಗಿನ ಶಾಖಕ್ಕೆ ಅದರ ಆಯುಷ್ಯ ಕರಗುತ್ತದೆ, ಕಂಪನಿ ಹೇಳುವುದು 8ರಿಂದ 21 ಡಿಗ್ರಿ. 10 ಎಂಎಲ್ ಬಾಟಲಿ ಒಂದು ಗಾಡಿಗೆ ವರ್ಷಗಟ್ಟಲೆ ಬರುತ್ತದೆ. ದೊಡ್ಡದು ಕೊಂಡರೆ ದುಡ್ಡು ದಂಡ.

ಟಾರ್ಕ್ ರೆಂಚ್ ಮತ್ತು ಪಾನಾ

ಅಂಗಡಿಯಲ್ಲಿ ಟಾರ್ಕ್ ರೆಂಚ್ ಕೇಳಿದರೆ ಅರ್ಧ ಇಂಚಿನ ಡ್ರೈವಿನದ್ದು ತೆಗೆದು ಕೊಡುತ್ತಾರೆ. ಅದರ ಕೆಳಗಿನ ಅಳತೆ 28 ಅಥವಾ 40 ನ್ಯೂಟನ್ ಮೀಟರ್. ಎಣ್ಣೆ ಸೋರುವ ಬೋಲ್ಟುಗಳೆಲ್ಲ 20ರ ಒಳಗಿನವು. ಚೇಂಬರ್ 8, ಮೇಲಿನ ಕವರ್ 5.5, ಟೈಮಿಂಗ್ ಕವರಿನ ಸಣ್ಣ ಬೋಲ್ಟು 8, ದೊಡ್ಡದು 19. ದೊಡ್ಡ ರೆಂಚನ್ನು ಈ ಬೋಲ್ಟುಗಳಿಗೆ ಹಾಕಿ ‘ಟಿಕ್’ ಅನ್ನುವವರೆಗೆ ಎಳೆದರೆ ಟಿಕ್ ಅನ್ನುವ ಮುಂಚೆ ಥ್ರೆಡ್ ಕಿತ್ತು ಬರುತ್ತದೆ. ಬೇಕಾದದ್ದು ಕಾಲು ಇಂಚಿನ ಡ್ರೈವ್, 5ರಿಂದ 25 ನ್ಯೂಟನ್ ಮೀಟರಿನದ್ದು. ಸೈಕಲ್ ರಿಪೇರಿಗೆ ಅಂತ ಮಾರುವುದೂ ಇದೇ. ಕೆಲಸ ಮುಗಿದ ಮೇಲೆ ಅದರ ಸ್ಪ್ರಿಂಗನ್ನು ಕೆಳಗಿನ ಗುರುತಿಗೆ ಸಡಿಲಿಸಿ ಇಡಿ. ಈ ಐದರಲ್ಲಿ ಪೂರ್ತಿ ಮಾರ್ಕ್ಸ್ ಕೊಡುವುದು ಇದೊಂದಕ್ಕೇ.

ಜೊತೆಗೆ ಪಾನಾ ಇಂಚಿನದಾಗಿರಬೇಕು. ಈ ಇಂಜಿನ್ನಿನ ಸಣ್ಣ ಬೋಲ್ಟುಗಳ ತಲೆ 7/16, 1/2, 9/16 ಇಂಚು. 1/2 ಇಂಚು ಅಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಪಾನಾ ಹಾಕಿದರೆ ಸಡಿಲಾಗಿ ಕೂತು ಮೂಲೆ ಸವೆಸುತ್ತದೆ. 9/16ಕ್ಕೆ 14 ಹೋಗುವುದೇ ಇಲ್ಲ, 15 ಗಿರಗಿರ ತಿರುಗುತ್ತದೆ. ಚೇಂಬರಿನ ಬೋಲ್ಟುಗಳ ತಲೆ ಉರುಟಾಗಿದ್ದರೆ ಹಿಂದಿನ ಮೆಕ್ಯಾನಿಕ್ಕಿನ ಹತ್ತಿರ ಮೆಟ್ರಿಕ್ ಸೆಟ್ಟೊಂದೇ ಇತ್ತು ಅಂತ ತಿಳಿಯಿರಿ. ಹೊಸ ಬೋಲ್ಟು ಕೊಳ್ಳುವಾಗಲೂ ಎಚ್ಚರ. 1/4 ಇಂಚಿನ ತೂತಿಗೆ ಮೆಟ್ರಿಕ್ 6 ಮಿಲಿಮೀಟರ್ ಬೋಲ್ಟು ಎರಡು ಸುತ್ತು ಹೋಗಿ ಹಿಡಿದಂತೆ ಅನಿಸುತ್ತದೆ, ಬಿಗಿದರೆ ಥ್ರೆಡ್ ಹಾಳು. ಹಳೆ ಬೋಲ್ಟನ್ನು ಕೈಯಲ್ಲಿ ಒಯ್ದು, ಹೊಸದರ ಥ್ರೆಡ್ ಅದರ ಥ್ರೆಡ್ಡಿಗೆ ಹಿಡಿದು ನೋಡಿ ಕೊಳ್ಳಿ.

ಸ್ಟಾಪ್ ಲೀಕ್, ಮತ್ತು ಅದು ಮುಟ್ಟಲಾರದ ಜಾಗ

ಈ ಬಾಟಲಿಯಲ್ಲಿರುವುದು ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುವ ರಾಸಾಯನಿಕ. ಹೊಸ ಕಾಲದ ಇಂಜಿನ್ನಿನಲ್ಲಿ ಕೆಲವು ಕಾಲ ಆಸರೆಯಾದೀತು. ಆದರೆ 1489 ಇಂಜಿನ್ನಿನ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುಗಿಸುವ ದಂಡದ) ಹಿಂದೆ ರಬ್ಬರ್ ಸೀಲೇ ಇಲ್ಲ! ಅಲ್ಲಿ ಇರುವುದು ಕ್ರ್ಯಾಂಕಿಗೆ ಕೊರೆದ ಹಿಮ್ಮುಖ ಥ್ರೆಡ್. ಇಂಜಿನ್ ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಉಬ್ಬಿಸಲು ಏನೂ ಇಲ್ಲದ ಕಡೆ ಬಾಟಲಿ ಏನು ಉಬ್ಬಿಸೀತು? ಕಾರ್ಕ್, ಪೇಪರ್ ಇವಕ್ಕೂ ಅದರಿಂದ ಪ್ರಯೋಜನ ಇಲ್ಲ. ಸೊನ್ನೆ ಮಾರ್ಕ್ಸ್.

ಇಂಜಿನ್ ನಿಂತಾಗ ಆ ಹಿಂದಿನ ಸಂದಿಯಿಂದ ಒಂದಿಷ್ಟು ಎಣ್ಣೆ ಬೆಲ್ ಹೌಸಿಂಗಿಗೆ ಬಂದು, ಕೆಳಗಿನ ತೂತಿನಿಂದ ತೊಟ್ಟಿಕ್ಕುವುದು ಈ ಜಾತಿಯ ಇಂಜಿನ್ನಿನ ಸ್ವಭಾವ. ಆ ತೂತಿನಲ್ಲಿ ಜೋತುಬಿದ್ದ ಸ್ಪ್ಲಿಟ್ ಪಿನ್ ಇದ್ದರೆ ಅದು ತೂತು ಕಟ್ಟದಿರಲಿ ಅಂತ ಹಾಕಿದ್ದು. ಸೋರುತ್ತದೆ ಅಂತ ಅದಕ್ಕೆ ಎಂ-ಸೀಲ್ ಮೆತ್ತಿದರೆ ಎಣ್ಣೆ ಕ್ಲಚ್ ಪ್ಲೇಟಿಗೆ ಹೋಗುತ್ತದೆ. ರಾತ್ರಿ ರಟ್ಟು ಹಾಕಿ ನಿಲ್ಲಿಸಿ. ಬೆಳಗ್ಗೆ ಕಲೆ ಐದು ರೂಪಾಯಿ ನಾಣ್ಯದಷ್ಟಿದ್ದರೆ ಬಿಟ್ಟುಬಿಡಿ. ಅಂಗೈ ಅಗಲ ಆದರೆ ಎಣ್ಣೆ ನೋಡಿ. ಮೇಲಿನ ಗುರುತಿಗಿಂತ ಜಾಸ್ತಿ ತುಂಬಿದ್ದರೆ ಹೆಚ್ಚಿನದು ಈ ದಾರಿಯಲ್ಲೇ ಹೋಗುತ್ತದೆ. 10W-30ರಂಥ ತೆಳ್ಳನೆ ಎಣ್ಣೆ ಹಾಕಿದ್ದರೂ ಹಾಗೇ. 20W-40 ಅಥವಾ 20W-50 ಹಾಕಿ, ಬ್ರೀದರ್ ತೊಳೆದು, ಸೈಡ್ ಕವರ್ ಮುಗಿಸಿ, ಆಮೇಲೆ ಮಾತ್ರ ಇಂಜಿನ್ ಇಳಿಸುವ ಮಾತು.

ಮುಂದಿನ ಸೀಲಿನ ಕಥೆ ಬೇರೆ, ಅದು ಟೈಮಿಂಗ್ ಕವರಿನಲ್ಲಿದೆ, ಬದಲಿಸಬಹುದು. ಪುಲ್ಲಿಯ ಕತ್ತಿನ ಮೇಲೆ ಸೀಲು ಉಜ್ಜಿ ಗೆರೆ ಬಿದ್ದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ. ಉಗುರು ಆಡಿಸಿ ನೋಡಿ, ಉಗುರು ಸಿಕ್ಕಿಕೊಂಡರೆ ಗೋಕುಲ ರೋಡಿನ ಕೈಗಾರಿಕಾ ಪ್ರದೇಶದ ಲೇಥಿಗೆ ಪುಲ್ಲಿ ಮತ್ತು ಹೊಸ ಸೀಲು ಎರಡನ್ನೂ ಒಯ್ದು ಕತ್ತಿಗೆ ತೆಳ್ಳನೆ ಸ್ಲೀವ್ ಹಾಕಿಸಿ. ಬರೀ ಪುಲ್ಲಿ ಕೊಟ್ಟರೆ ಅವರು ಸೀಲಿನ ಅಳತೆ ಊಹಿಸಬೇಕಾಗುತ್ತದೆ. ಕವರು ಕೂರಿಸುವಾಗ ಬೋಲ್ಟುಗಳನ್ನು ಸಡಿಲು ಇಟ್ಟು, ಸೀಲಿಗೆ ಎಣ್ಣೆ ಸವರಿ, ಪುಲ್ಲಿಯನ್ನು ಒಳಗೆ ತೂರಿಸಿ, ಕವರು ತಾನಾಗಿಯೇ ನಡುವಿಗೆ ಬಂದ ಮೇಲೆ ಬಿಗಿಯಿರಿ. ಮೊದಲೇ ಬಿಗಿದರೆ ಸೀಲು ಒಂದು ಮಗ್ಗುಲಿಗೆ ಒತ್ತಿ, ಇನ್ನೊಂದು ಮಗ್ಗುಲು ಬಾಯಿಬಿಡುತ್ತದೆ.

ಹಳೆ ಡಬ್ಬಿ ಮಾದರಿಯ ಆಯಿಲ್ ಫಿಲ್ಟರ್ ಇದ್ದವರು, ಫಿಲ್ಟರ್ ಬದಲಿಸಿದ ಮರುದಿನವೇ ಸೋರಿದರೆ ಡಬ್ಬಿ ಕೂರುವ ತಲೆಯ ಕಡೆಯ ಕಾಲುವೆಯನ್ನು ಸೂಜಿಯಿಂದ ಕೆದಕಿ ನೋಡಿ. ಹಳೆ ರಬ್ಬರ್ ಉಂಗುರ ಒಳಗೇ ಉಳಿದು, ಅದರ ಮೇಲೆ ಹೊಸದು ಕೂತಿರುತ್ತದೆ. ಫಿಲ್ಟರಿಗೆ ಹೋಗುವ ಹೊರಗಿನ ಪೈಪಿನ ತಾಮ್ರದ ವಾಷರುಗಳನ್ನು ಮತ್ತೆ ಬಳಸುವುದಾದರೆ ಒಲೆಯ ಮೇಲೆ ಕೆಂಪಗೆ ಕಾಸಿ ಆರಿಸಿ, ಮೆತ್ತಗಾಗುತ್ತವೆ. ಹೊಸದೇ ಸಿಕ್ಕರೆ ಅದನ್ನೇ ಹಾಕಿ, ಬೆಲೆ ಏನೂ ಅಲ್ಲ.

ಎಲ್ಲ ಮುಗಿದ ಮೇಲೆ ಇಂಜಿನ್ ಒಮ್ಮೆ ಪೂರ್ತಿ ಕಾಯಿಸಿ, ತಣ್ಣಗಾಗಲು ಬಿಟ್ಟು, ಚೇಂಬರ್ ಮತ್ತು ಮೇಲಿನ ಕವರಿನ ಬೋಲ್ಟುಗಳಿಗೆ ಮತ್ತೊಮ್ಮೆ ಅದೇ ಅಳತೆಗೆ ರೆಂಚ್ ಹಾಕಿ. ಕಾರ್ಕ್ ಮೊದಲ ಬಿಸಿಗೆ ತಗ್ಗುತ್ತದೆ, ಅಷ್ಟು ತಿರುಗುವುದು ಸಹಜ. ಐದುನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ. ಆಮೇಲೆ ಒಂದೆರಡು ಕಡೆ ತೇವ ಕಂಡರೂ ಪಾನಾ ಮುಟ್ಟಬೇಡಿ, ಒರೆಸಿ ಪೌಡರ್ ಹಾಕಿ.